ತುಲೂಜಿನ ನೀರಿನಲ್ಲಿ ಬಿಟ್ಟು ಬಂದದ್ದು

ಕಳೆದ ಗುರುವಾರ ಬೆಳಿಗ್ಗೆ, ಬಾಗಲಕೋಟೆಯ ಒಂದು ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಆಪರೇಷನ್ ಥಿಯೇಟರಿನ ಬಾಗಿಲು ಅರ್ಧ ತೆರೆದು ಸಿಸ್ಟರ್ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. ಒಳಗೆ ಅಪ್ಪನ ಕೈಗಡಿಯಾರ, ಹಲ್ಲಿನ ಸೆಟ್ಟು, ಉಡದಾರ, ಮತ್ತು ಶಿವದಾರದ ಸಮೇತ ಬೆಳ್ಳಿಯ ಕರಡಿಗೆ.

“ಮೈಮ್ಯಾಗ ಏನೂ ಇರಬಾರದ್ರೀ ಮೇಡಂ. ಈ ಬೆಳ್ಳೀದು ಕೊಡಾಕ ಅಜ್ಜಾರು ಭಾಳ ಸತಾಯ್ಸಿದ್ರು. ನನ್ನ ಮಗಳ ಕೈಯಾಗ ಕೊಡು, ಕೆಳಗ ಇಡಬ್ಯಾಡ, ಬಿಚ್ಚಬ್ಯಾಡ ಅಂತ ಹತ್ತ ಸಲ ಹೇಳ್ಯಾರ” ಎಂದು ನಕ್ಕು ಬಾಗಿಲು ಹಾಕಿಕೊಂಡಳು.

ನಾವು ಲಿಂಗವಂತರು. ಆ ಕರಡಿಗೆಯೊಳಗೆ ಇರುವುದು ಇಷ್ಟಲಿಂಗ. ಬೋರೆಹಣ್ಣಿನ ಗಾತ್ರದ್ದು, ಮೇಲೆ ಕರಿಯ ಲೇಪ. ದೀಕ್ಷೆಯ ದಿನ ಕೊರಳಿಗೆ ಬಂದರೆ ಮಣ್ಣಿಗೆ ಹೋಗುವಾಗಲೂ ಎಡಗೈಯಲ್ಲಿ ಅದೇ. ಒಬ್ಬರ ಲಿಂಗವನ್ನು ಇನ್ನೊಬ್ಬರು ಬಿಚ್ಚಿ ನೋಡುವುದಿಲ್ಲ. ಹೀಗಾಗಿ ನಾನು ಚೀಲದಿಂದ ಕರಡಿಗೆಯನ್ನಷ್ಟೇ ತೆಗೆದು ಅಂಗೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತೆ. ಅದು ಇನ್ನೂ ಅಪ್ಪನ ಎದೆಯ ಬಿಸಿಯಲ್ಲಿಯೇ ಇತ್ತು.

ಅಪ್ಪನಿಗೆ ಆಗಿದ್ದು ಕಿಡ್ನಿಯಲ್ಲಿ ಕಲ್ಲು. “ನಲವತ್ತು ವರ್ಷ ಕಲ್ಲಿಗಿ ಪಾಲಿಶ್ ಹೊಡದೆ, ಈಗ ಅದು ನನ್ನ ಹೊಟ್ಟ್ಯಾಗ ಬಂದು ಕುಂತೈತಿ ನೋಡ್ರಿ” ಎಂದು ಡಾಕ್ಟರರ ಮುಂದೆಯೂ ಅದೇ ಚೇಷ್ಟೆ. ದೊಡ್ಡ ಆಪರೇಷನ್ ಏನಲ್ಲ, ಬೆನ್ನಿಗೆ ಒಂದು ಸೂಜಿ, ಒಂದೆರಡು ತಾಸಿನ ಕೆಲಸ ಅಂದಿದ್ದರು. ನನಗೆ ಅಂಜಿಕೆ ಇರಲಿಲ್ಲ. ಆದರೆ ಅಷ್ಟರಲ್ಲಿ ನೆಲ ಒರೆಸುವ ಹೆಂಗಸು ಬಂದಳು ನೋಡಿ, ಬಕೆಟ್ಟಿನ ತುಂಬ ಬ್ಲೀಚಿಂಗ್ ಪೌಡರಿನ ನೀರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಲವತ್ತನಾಲ್ಕು ವರ್ಷದ, ವಿದ್ಯಾಗಿರಿಯಲ್ಲಿ ಮನೆ ಮಾಡಿಕೊಂಡಿರುವ, ಹೈಸ್ಕೂಲಿನ ಗಣಿತದ ಟೀಚರು ನಾನು ಬೆಂಚಿನ ಮೇಲೆ ಒಂಬತ್ತು ವರ್ಷದ ಹುಡುಗಿಯಾಗಿ ಕೂತುಬಿಟ್ಟೆ.

ನಾನು ಚಿಕ್ಕವಳಿದ್ದಾಗ ಎರಡು ವರ್ಷ ಫ್ರಾನ್ಸಿನಲ್ಲಿದ್ದೆ ಎಂದು ಹೇಳಿದರೆ ಸ್ಟಾಫ್ ರೂಮಿನಲ್ಲಿ ಎಲ್ಲರ ಕಣ್ಣೂ ಅರಳುತ್ತವೆ. “ಅದೃಷ್ಟವಂತ್ರು ಬಿಡ್ರಿ” ಅನ್ನುತ್ತಾರೆ. ನಾನೂ ಹೌದೌದು ಅನ್ನುತ್ತೇನೆ. ಆ ಅದೃಷ್ಟದ ಹೊಟ್ಟೆಯೊಳಗೆ ಏನಿತ್ತು ಎಂದು ಯಾರ ಮುಂದೆಯೂ ಬಾಯಿ ಬಿಟ್ಟವಳಲ್ಲ. ಇವತ್ತು ನಿಮ್ಮ ಮುಂದೆ ಬಿಡುತ್ತೇನೆ, ಕೇಳಿ.

ನಮ್ಮೂರು ಇಳಕಲ್ ಅಂದರೆ ನಿಮಗೆ ಸೀರೆ. ನಮಗೆ ಕಲ್ಲು. ನೆಲದಡಿಯಿಂದ ಎಬ್ಬಿಸಿದ ಆ ಕೆಂಪು ಕಲ್ಲನ್ನು ಸೀಳಿ, ಕನ್ನಡಿಯಂತೆ ಮಾಡಿ, ಹಡಗಿಗೆ ಹಾಕುವ ಫ್ಯಾಕ್ಟರಿಯಲ್ಲಿ ಅಪ್ಪ ಪಾಲಿಶ್ ಮಿಷನ್ನಿನ ಮೇಲಿದ್ದ. ಅವನ ಕೈಯ ಹೆಬ್ಬೆರಳಿಗೆ ಕಣ್ಣಿದ್ದವು. ಕಣ್ಣು ಮುಚ್ಚಿ ಕಲ್ಲಿನ ಮೇಲೆ ಬೆರಳಾಡಿಸಿ, ಇದು ಯಾವ ಖಣಿಯದು ಎಂದು ಹೇಳಿಬಿಡುತ್ತಿದ್ದ. ಫ್ರಾನ್ಸಿನಿಂದ ಕಲ್ಲು ಕೊಳ್ಳಲು ಬಂದಿದ್ದ ಮಾಲಕನೊಬ್ಬ ಅದನ್ನು ನೋಡಿ ಬೆರಗಾಗಿ, ನಮ್ಮಲ್ಲಿ ಈ ಕಲ್ಲು ಬಿರುಕು ಬಿಡುತ್ತದೆ, ಎರಡು ವರ್ಷ ಬಂದು ನಮ್ಮವರಿಗೆ ಕಲಿಸು, ಹೆಂಡತಿ ಮಗಳನ್ನೂ ಕರೆದುಕೊಂಡು ಬಾ ಅಂದ. ಅಪ್ಪನಿಗೆ ಅಲ್ಲಿಯವರೆಗೆ ಹುಬ್ಬಳ್ಳಿಯೇ ದೂರದ ಊರು.

ಹೋಗುವ ಮುಂಚೆ ಕಮತಗಿಯ ಆಯಿ, ಅಂದರೆ ಅಪ್ಪನ ಅವ್ವ, ಅಯ್ಯನವರನ್ನು ಕರೆಸಿ ನನಗೆ ದೀಕ್ಷೆ ಕೊಡಿಸಿದಳು. ಹೊರದೇಶಕ್ಕೆ ಹೋಗುವ ಕೂಸು ಬರಿಗೊರಳಲ್ಲಿ ಹೋಗಬಾರದು ಎಂದು ಅವಳ ಹಟ. ಪುಟ್ಟ ಕರಡಿಗೆಯನ್ನು ಕೊರಳಿಗೆ ಹಾಕಿ ನನ್ನ ಗದ್ದ ಹಿಡಿದು ಹೇಳಿದಳು: “ಇದು ಮೈಮ್ಯಾಲೆ ಇರೂತನಾ ನೀ ಜೀವಂತ. ಮೈ ಬಿಟ್ಟು ಎಲ್ಲೂ ಇಡಬಾರದು. ಕಳದ್ರ ಒಂದ ಹನಿ ನೀರು ಸೈತ ಬಾಯಾಗ ಹಾಕಬಾರದು. ತಿಳೀತಿಲ್ಲ?” ತಿಳಿಯಿತು ಎಂದು ಗೋಣು ಹಾಕಿದೆ. ಒಂಬತ್ತು ವರ್ಷದವಳಿಗೆ ಅದಕ್ಕಿಂತ ಹೆಚ್ಚು ಏನು ತಿಳಿಯಬೇಕು ಹೇಳಿ.

ನಾವು ಹೋಗಿದ್ದ ಊರು ತುಲೂಜ್. ಊರಿಗೆ ಊರೇ ಕೆಂಪು ಇಟ್ಟಿಗೆಯದು. ಸಂಜೆ ಬಿಸಿಲಿಗೆ ಥೇಟ್ ಬಾದಾಮಿಯ ಗುಡ್ಡದ ಬಣ್ಣಕ್ಕೆ ತಿರುಗುತ್ತಿತ್ತು. ಬಣ್ಣ ನೋಡಿ ನಮ್ಮೂರೇ ಎಂದುಕೊಂಡರೆ ಒಳಗೆ ಬರೀ ಆಘಾತ. ಸಾಲೆಯ ಮೊದಲ ದಿನ ಪರಿಚಯವಿಲ್ಲದ ಹೆಂಗಸೊಬ್ಬಳು ಅವ್ವನ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಅವ್ವ ಮನೆಗೆ ಬಂದು ಮುಖ ತೊಳೆದಳು, ಮತ್ತೆ ತೊಳೆದಳು. ಬೀದಿಯಲ್ಲಿ ಜನ ಇದ್ದರೂ ಸದ್ದಿಲ್ಲ. ಒಂದೇ ಮೆಟ್ಟಿಲು ಹತ್ತುವ ಆರು ಮನೆಯವರಲ್ಲಿ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲ. ಊಟದ ಹೊತ್ತಿಗೆ ಯಾರಾದರೂ ಬಂದರೆ ಬರ್ರಿ ಕೂಡ್ರಿ ಅನ್ನುವುದಿಲ್ಲ, ಬಂದವರೇ ತಪ್ಪಾಯಿತೆಂದು ಹಿಂದೆ ಸರಿಯುತ್ತಾರೆ. ಸಾಲೆಯ ಊಟದಲ್ಲಿ ಮಾಂಸವಿಲ್ಲದ್ದು ಎಂದರೆ ಬ್ರೆಡ್ಡು ಮತ್ತು ಹೆರೆದ ಗಜ್ಜರಿ. ನನ್ನ ತಟ್ಟೆ ನೋಡಿ ಹುಡುಗರು ನನಗೆ ಮೊಲ ಎಂದು ಹೆಸರಿಟ್ಟಿದ್ದರು. ಆ ಭಾಷೆಯಲ್ಲಿ ನಾನು ಕಲಿತ ಮೊದಲ ಶಬ್ದವೇ ಅದು.

ರೊಟ್ಟಿಯ ಪ್ರಸಂಗ ಹೇಳದೆ ಮುಂದೆ ಹೋದರೆ ಅವ್ವ ನನ್ನನ್ನು ಬಿಡಲಿಕ್ಕಿಲ್ಲ. ಅಲ್ಜೀರಿಯಾದವರ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆಂದು ಪತ್ತೆ ಹಚ್ಚಿದ ದಿನ ಅವಳು ಊರು ಗೆದ್ದಂತೆ ಕುಣಿದಳು. ಮರುದಿನ ಬೆಳಿಗ್ಗೆಯಿಂದಲೇ ಶುರು, ಪಟ ಪಟ ಪಟ ರೊಟ್ಟಿ ಬಡಿಯುವುದು. ಮೂರನೇ ದಿನ ಕೆಳಗಿನ ಮನೆಯ ಮುದುಕಿ ಬಾಗಿಲು ತಟ್ಟಿದಳು. ಅವ್ವನನ್ನು ಬಿಟ್ಟು ನೇರ ನನ್ನ ಹತ್ತಿರ ಬಂದು, ನನ್ನ ತೋಳು ನೋಡಿದಳು, ಕೆನ್ನೆ ನೋಡಿದಳು, ಅಂಗಿ ಎತ್ತಿ ಬೆನ್ನು ನೋಡಿದಳು. ದಿನಾ ಬೆಳಿಗ್ಗೆ ಇವರು ಮಗಳನ್ನು ಬಡಿಯುತ್ತಾರೆ ಎಂದು ಅವಳ ಲೆಕ್ಕ! ಅವ್ವನಿಗೆ ಅದು ತಿಳಿದಾಗ ಮೊದಲು ನಗು ಬಂತು, ಆಮೇಲೆ ಅಳು ಬಂತು. ಹಿಟ್ಟಿನ ಕೈ ತೋರಿಸಿ, ಮುದುಕಿಯ ಮುಂದೆ ಒಂದು ರೊಟ್ಟಿ ಬಡಿದು, ಬೆಣ್ಣೆ ಹಚ್ಚಿ ತಿನ್ನಿಸಿ ಕಳಿಸಿದಳು. “ಅಷ್ಟ ದಿನದಾಗ ನಮ್ಮ ಮನಿಗೆ ಬಂದಾಕಿ ಅಕೀ ಒಬ್ಬಾಕಿ. ಅದೂ ಪೊಲೀಸರಂಗ” ಎಂದು ಈಗಲೂ ಹೇಳುತ್ತಾಳೆ.

ಅಪ್ಪ ಏನು ಪಾಲಿಶ್ ಮಾಡುತ್ತಾನೆ ಎಂದು ನಮಗೆ ಗೊತ್ತಾದದ್ದು ಒಂದು ಭಾನುವಾರ. “ನಡೀರಿ, ನಮ್ಮ ಕಲ್ಲು ತೋರಿಸ್ತೇನಿ” ಎಂದು ಹುರುಪಿನಿಂದ ಕರೆದುಕೊಂಡು ಹೋದ. ದೊಡ್ಡ ಮನೆಗಳಿಗೆ, ಬ್ಯಾಂಕಿಗೆ ಹಾಸಿರುತ್ತಾರೆ ಎಂದು ನಾವು ಅಂದುಕೊಂಡಿದ್ದರೆ, ಹೋಗಿ ನಿಂತದ್ದು ಸ್ಮಶಾನದಲ್ಲಿ. ಸಾಲು ಸಾಲು ಗೋರಿ, ಎತ್ತ ನೋಡಿದರೂ ಇಳಕಲ್ಲಿನ ಕೆಂಪು ಕಲ್ಲು, ಮೇಲೆ ಬಂಗಾರದ ಅಕ್ಷರದಲ್ಲಿ ಸತ್ತವರ ಹೆಸರು. ಅಪ್ಪ ಬೀಗರ ಮನೆಯಲ್ಲಿ ಪರಿಚಯ ಮಾಡಿಸುವವನ ಹಾಗೆ “ಇದು ನಮ್ಮದು, ಅದೂ ನಮ್ಮದು” ಎಂದು ಬೆರಳು ತೋರಿಸುತ್ತ ನಡೆದ. ಅವ್ವ ಸೆರಗು ಬಾಯಿಗೆ ಹಿಡಿದು ನಿಂತಳು. “ಏನ್ರೀ ಇದು! ನಮ್ಮನೀ ಹೊಸ್ತಿಲ ಕಲ್ಲು ಇಲ್ಲಿಗೆ ಬಂದು ಹೆಣಾ ಕಾಯಾಕ ಹತ್ತೈತಲ್ರೀ!” ಅಪ್ಪನ ಮುಖ ಸಣ್ಣದಾಯಿತು. ಆ ಮಾತು ಅವನಿಗೆ ಅಷ್ಟು ತಟ್ಟುತ್ತದೆ ಎಂದು ಅವ್ವನೂ ಎಣಿಸಿರಲಿಲ್ಲ.

ಅದಕ್ಕೇ ಇರಬೇಕು, ಅಪ್ಪ ಮರುವಾರ ನನಗೊಂದು ಉಡುಗೊರೆ ತಂದ. ನಮ್ಮೂರ ಕಲ್ಲಿನ ಐದು ಚೂರುಗಳನ್ನು ಊಟದ ಬಿಡುವಿನಲ್ಲಿ ತಾನೇ ಉಜ್ಜಿ ಗುಂಡಗೆ ಮಾಡಿದ್ದ. ಐದು ಕಲ್ಲಿನ ಆಟ ನನಗೆ ಪ್ರಾಣ. ಆ ಊರಿನ ಬೀದಿಯಲ್ಲಿ ಆಡಲು ಒಂದು ಹರಳೂ ಬಿದ್ದಿರುತ್ತಿರಲಿಲ್ಲ, ಅಷ್ಟು ಸ್ವಚ್ಛ. “ಇವು ಯಾರ ಗೋರಿಗೂ ಅಲ್ಲ ಯವ್ವಾ, ನಿನ್ನ ಆಟಕ್ಕ” ಅಂದ. ದಿನಾ ಸಂಜೆ ಕೆಲಸದಿಂದ ಬಂದು ನನ್ನ ಜೊತೆ ಒಂದು ಆಟ ಆಡುತ್ತಿದ್ದ, ದಿನಾ ಸೋಲುತ್ತಿದ್ದ.

ಈಗ ಆ ದಿನಕ್ಕೆ ಬರುತ್ತೇನೆ. ಬರಲೇಬೇಕು, ಇಷ್ಟು ಹೊತ್ತು ಸುತ್ತು ಹಾಕಿದ್ದೂ ಅಂಜಿಕೆಯಿಂದಲೇ.

ಅಲ್ಲಿಯ ಸಾಲೆಯಲ್ಲಿ ಮಕ್ಕಳನ್ನು ವಾರಕ್ಕೊಮ್ಮೆ ಬಸ್ಸಿನಲ್ಲಿ ಈಜು ಕಲಿಸಲು ಒಯ್ಯುತ್ತಿದ್ದರು. ಬರುವುದಿಲ್ಲ ಎನ್ನುವಂತಿಲ್ಲ, ಗಣಿತದ ಹಾಗೆ ಅದೂ ಒಂದು ವಿಷಯ. ಬಟ್ಟೆ ಬದಲಿಸುವ ಕೋಣೆಗೆ ಕಾಲಿಟ್ಟವಳು ನಾನು ಬಾಗಿಲಲ್ಲೇ ಕಲ್ಲಾದೆ. ಹುಡುಗಿಯರೆಲ್ಲ ಮೈಮೇಲೆ ನೂಲಿಲ್ಲದೆ ನಗುತ್ತ ಓಡಾಡುತ್ತಿದ್ದಾರೆ! ನಮ್ಮಲ್ಲಿ ಅವ್ವನ ಮುಂದೆಯೂ ಲಂಗ ಕಚ್ಚಿ ಹಿಡಿದು ಬದಲಿಸುವವಳು ನಾನು. ಹೇಗೋ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ಈಜಿನ ಬಟ್ಟೆ ತೊಟ್ಟೆ. ಆಗ ಟೀಚರು ಬಂದಳು. ಒಳ್ಳೆಯ ಹೆಂಗಸು, ನಾವು ಮಾದಾಮ್ ಅನ್ನುತ್ತಿದ್ದೆವು. ನನ್ನ ಕೊರಳ ಕಡೆ ಬೆರಳು ಮಾಡಿ, ಸರ, ದಾರ ಯಾವುದೂ ಇರಬಾರದು, ನೀರಿನಲ್ಲಿ ಸಿಕ್ಕಿಕೊಂಡರೆ ಅಪಾಯ, ತೆಗೆದು ಬುಟ್ಟಿಯಲ್ಲಿಡು ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಆಯಿ ಹೇಳಿದ್ದಳಲ್ಲ, ಮೈ ಬಿಟ್ಟು ಎಲ್ಲೂ ಇಡಬಾರದು! ಒಂದು ಕಡೆ ಆಯಿ, ಒಂದು ಕಡೆ ಮಾದಾಮ್. ನಾನು ಬುದ್ಧಿವಂತೆ ನೋಡಿ, ಇಬ್ಬರಿಗೂ ಸಲ್ಲುವ ಉಪಾಯ ಹುಡುಕಿದೆ. ಕರಡಿಗೆ, ದಾರ ಬುಟ್ಟಿಯಲ್ಲಿಟ್ಟೆ. ಒಳಗಿನ ಲಿಂಗವನ್ನು ಮಾತ್ರ ತೆಗೆದು ನೆತ್ತಿಯ ಮೇಲಿಟ್ಟು, ಮೇಲೆ ರಬ್ಬರಿನ ಟೋಪಿ ಎಳೆದುಕೊಂಡೆ. ಮೈಮೇಲೆಯೂ ಇದ್ದಂತಾಯಿತು, ಕೊರಳಲ್ಲಿಯೂ ಇಲ್ಲದಂತಾಯಿತು. ತಲೆಯ ಮೇಲಿಟ್ಟುಕೊಂಡರೆ ಗೌರವವೇ ಹೊರತು ಅವಮಾನವಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಕೊಳದ ಆಳದ ತುದಿಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರೇ ಜಿಗಿಯಬೇಕು, ಮೇಲೆ ಬಂದ ಕೂಡಲೇ ಈಜು ಕಲಿಸುವವನು ಚಾಚಿದ ಉದ್ದನೆಯ ಕೋಲು ಹಿಡಿಯಬೇಕು. ನನ್ನ ಪಾಳಿ ಬಂತು. ಕಣ್ಣು ಮುಚ್ಚಿ ಜಿಗಿದೆ. ಮೂಗಿನಲ್ಲಿ, ಬಾಯಲ್ಲಿ, ಕಿವಿಯಲ್ಲಿ ಆ ಬ್ಲೀಚಿಂಗ್ ನೀರು. ಕೋಲು ಸಿಕ್ಕಿತು, ಎಳೆದು ದಡಕ್ಕೆ ಹಾಕಿದರು. ಕೆಮ್ಮುತ್ತ ತಲೆ ಮುಟ್ಟಿಕೊಂಡೆ. ಬರೀ ಕೂದಲು.

ಟೋಪಿ ನೀರಿನ ಮೇಲೆ ತೇಲುತ್ತಿತ್ತು. ಲಿಂಗ ತಳದಲ್ಲಿತ್ತು. ಅಯ್ಯೋ, ಕಾಣುತ್ತಿತ್ತು ಕಣ್ರೀ! ಅದೇ ದೊಡ್ಡ ಸಂಕಟ. ಮೂರಾಳು ನೀರಿನ ಕೆಳಗೆ, ಬಿಳಿಯ ಟೈಲ್ಸಿನ ಮೇಲೆ, ಒಂದು ಕರಿಯ ಚುಕ್ಕಿ. ನಾನು ಮಾದಾಮಳ ಕೈ ಹಿಡಿದು ಎಳೆದು ತೋರಿಸಿದೆ. ಅವಳು ಬಗ್ಗಿ ನೋಡಿದಳು. ಅವಳಿಗೆ ಕಂಡದ್ದು ಒಂದು ಹರಳು. ನನ್ನ ಬೆನ್ನು ತಟ್ಟಿ, ಏನಿಲ್ಲ, ಏನಿಲ್ಲ ಅಂದಳು. ಆ ಶಬ್ದ ಅಷ್ಟೊತ್ತಿಗೆ ನನಗೆ ತಿಳಿಯುತ್ತಿತ್ತು. ಅದು ಏನು ಎಂದು ಹೇಳಲು ಬೇಕಾದ ಶಬ್ದ ಮಾತ್ರ ನನ್ನ ಹತ್ತಿರ ಒಂದೂ ಇರಲಿಲ್ಲ. ಕನ್ನಡದಲ್ಲಿ ಒದರಿದೆ. ನನ್ನ ಜೀವಾ ಅಲ್ಲೈತಿ, ನನ್ನ ಜೀವಾ ಅಲ್ಲೈತಿ ಎಂದು. ನೀರಿಗೆ ಅಂಜಿದ್ದಾಳೆ ಎಂದುಕೊಂಡು ಅವಳು ನನ್ನನ್ನು ಟವೆಲಿನಲ್ಲಿ ಸುತ್ತಿ ಅಪ್ಪಿಕೊಂಡಳು. ಸೀಟಿ ಊದಿದರು. ಸಾಲು ಹೊರಟಿತು. ನಾನು ತಿರುತಿರುಗಿ ನೋಡುತ್ತ ಅದನ್ನು ಬಿಟ್ಟು ಬಂದೆ. ಮುಂದಿನ ವಾರ ಹೋದಾಗ ತಳ ಬೆಳ್ಳಗೆ ಸ್ವಚ್ಛವಿತ್ತು.

ಆವತ್ತು ಮಧ್ಯಾಹ್ನ ಸಾಲೆಯಲ್ಲಿ ಒಂದು ತುತ್ತು ಮುಟ್ಟಲಿಲ್ಲ. ಒಂದು ಹನಿ ನೀರು ಕುಡಿಯಲಿಲ್ಲ. ಲಿಂಗ ಹೋಯಿತು ಎಂದರೆ ನಾನು ಹೋದೆ. ಇವತ್ತು ಸಾಯುತ್ತೇನೆ, ಇಲ್ಲವೇ ನಾಳೆ, ಸತ್ತರೆ ಅಪ್ಪ ಪಾಲಿಶ್ ಮಾಡಿದ ಕಲ್ಲನ್ನು ನನ್ನ ಮೇಲೂ ಇಡುತ್ತಾರೆ, ಬಂಗಾರದ ಅಕ್ಷರದಲ್ಲಿ ನನ್ನ ಹೆಸರು ಬರೆಯುತ್ತಾರೆ ಎಂದು ಡೆಸ್ಕಿನ ಮೇಲೆ ತಲೆಯಿಟ್ಟು ಕೂತೆ. ಸಂಜೆ ಮನೆಗೆ ಬಂದರೆ ಅವ್ವ ಬಿಸಿ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. ಎಷ್ಟು ಹೊತ್ತು ತಡೆಯಲಿ! ಒಂದು ರೊಟ್ಟಿ ತಿಂದೆ. ಸಾಯಲಿಲ್ಲ. ಇನ್ನೊಂದು ತಿಂದೆ. ಮೂರನೆಯದಕ್ಕೆ ತಟ್ಟೆ ಚಾಚಿದಾಗ ಅವ್ವ “ಇವತ್ತ ಏನ್ ಭೂತ ಹೊಕ್ಕೈತೇನ ಹೊಟ್ಟ್ಯಾಗ?” ಎಂದು ನಕ್ಕಳು. ಲಿಂಗ ಕಳೆದುಕೊಂಡವಳು ಮೂರು ರೊಟ್ಟಿ ತಿಂದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಆದರೆ ಬೆಳಗಾದರೆ ಪೂಜೆ ಇದೆ. ನಮ್ಮ ಮನೆಯಲ್ಲಿ ಜಳಕವಾದ ಮೇಲೆ ಮೂವರೂ ಸಾಲಾಗಿ ಕೂತು ಲಿಂಗವನ್ನು ಎಡಗೈಯಲ್ಲಿಟ್ಟು ವಿಭೂತಿ ಹಚ್ಚುವುದು ರೂಢಿ. ನನ್ನ ಕರಡಿಗೆ ಖಾಲಿ. ಹೇಳಿಬಿಡಬೇಕಿತ್ತು. ಹೇಳಿದರೆ ಅವ್ವ ಎದೆ ಬಡಿದುಕೊಳ್ಳುತ್ತಾಳೆ, ಅಪ್ಪ ಕೆಲಸ ಬಿಟ್ಟು ಊರಿಗೆ ನಡೆಯಿರಿ ಅನ್ನುತ್ತಾನೆ, ಆಯಿ ನನ್ನನ್ನು ಒಳಗೆ ಕರೆದುಕೊಳ್ಳುವುದಿಲ್ಲ. ಐದು ಕಲ್ಲುಗಳಲ್ಲಿ ಚಿಕ್ಕದೊಂದನ್ನು ತೆಗೆದುಕೊಂಡೆ. ಸಾಲೆಯ ಬೂಟಿನ ಕರಿ ಪಾಲಿಶ್ ಡಬ್ಬಿ ತೆರೆದು ಅದಕ್ಕೆ ಬಳಿದೆ. ಕರಡಿಗೆಯಲ್ಲಿಟ್ಟು ಮುಚ್ಚಿದೆ. ನಗಬೇಡಿ. ನಾನು ಅಳುತ್ತ ಮಾಡಿದ ಕೆಲಸ ಅದು.

ಬೆಳಿಗ್ಗೆ ಪೂಜೆಯಲ್ಲಿ ಅಂಗೈಯೆಲ್ಲ ಕಪ್ಪು. “ಅದ್ಯಾಕ ಕೈ ಕರ್ರಗಾತು?” ಎಂದು ಅವ್ವ ಕೇಳಿದಳು.

“ಲಿಂಗದ ಕಪ್ಪು ಬಿಟ್ಟೈತಿ ಬೇ” ಅಂದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅಪ್ಪ ಕಣ್ಣು ತೆರೆದು ಒಮ್ಮೆ ನನ್ನ ಅಂಗೈ ನೋಡಿದ. ಮತ್ತೆ ಕಣ್ಣು ಮುಚ್ಚಿದ. ಸಂಜೆ ಆಟಕ್ಕೂ ಕೂಡಲಿಲ್ಲ, ದಣಿದಿದ್ದೇನೆ ಅಂದ.

ಎರಡು ದಿನ ಕೈ ಕಪ್ಪಾಯಿತು. ಮೂರನೇ ದಿನ ಆಗಲಿಲ್ಲ! ವಿಭೂತಿ ಹಚ್ಚಿದೆ, ಒರೆಸಿದೆ, ಒಂದಿಷ್ಟೂ ಬಣ್ಣ ಬಿಡಲಿಲ್ಲ. ನುಣ್ಣಗೆ, ಕರ್ರಗೆ ಹೊಳೆಯುತ್ತಿತ್ತು. ಕರಡಿಗೆಯ ಮುಚ್ಚಳವೂ ಯಾಕೋ ಮೊದಲಿಗಿಂತ ಬಿಗಿ. ಕಲ್ಲು ಲಿಂಗವಾಗಿದೆ, ಬೆಳೆದೂ ಇದೆ ಎಂದು ನಂಬಿದೆ. ಬೇರೆ ಹೇಗೆ ಯೋಚಿಸಲಿ? ದೇವರು ನನ್ನ ಅಳು ನೋಡಿ ಪವಾಡ ಮಾಡಿದ್ದ. ದೊಡ್ಡವಳಾದ ಮೇಲೆ, ಎರಡು ಅಕ್ಷರ ಕಲಿತ ಮೇಲೆ, ಆ ಪವಾಡ ಹೋಯಿತು. ಪಾಲಿಶ್ ಒಣಗಿ ಗಟ್ಟಿಯಾಗಿರಬೇಕು, ಅಷ್ಟೇ ಎಂದು ಸಮಾಧಾನ ಮಾಡಿಕೊಂಡೆ. ಗಣಿತದವರಿಗೆ ಉತ್ತರ ಸಿಕ್ಕರೆ ಸಾಕು, ಸರಿಯೋ ತಪ್ಪೋ ಆಮೇಲಿನ ಮಾತು.

ಆ ಹೊತ್ತಿನಿಂದಲೇ ಮನೆಯಲ್ಲಿ ಇನ್ನೊಂದು ಸಣ್ಣ ಬದಲಾವಣೆಯಾಗಿತ್ತು. ನನಗದು ಆಗ ತಲೆಗೆ ಹೋಗಲಿಲ್ಲ. ಅಪ್ಪ ನಮ್ಮ ಸಾಲಿನಲ್ಲಿ ಪೂಜೆಗೆ ಕೂಡುವುದನ್ನು ಬಿಟ್ಟ. ಕೆಲಸಕ್ಕೆ ಲಗೂ ಹೋಗಬೇಕು ಎಂಬ ನೆವ. ನಾವು ಏಳುವುದಕ್ಕೆ ಮುಂಚೆ, ಗೋಡೆಯ ಕಡೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ಕೂಡುತ್ತಿದ್ದ. ಇಳಕಲ್ಲಿಗೆ ವಾಪಸಾದ ಮೇಲೂ ಅದೇ ರೂಢಿ ಉಳಿಯಿತು. ಅವ್ವ ಅವನಿಗೆ ಗ್ವಾಡಿ ಪೂಜಾರಿ ಎಂದೇ ಹೆಸರಿಟ್ಟಳು. “ಹೇಂತಿ ಮಗಳ ಮಾರಿ ನೋಡಿದ್ರ ಇವರ ಭಕ್ತಿ ಕೆಡತೈತಿ” ಎಂದು ಬಂದವರ ಮುಂದೆಲ್ಲ ಆಡಿಕೊಂಡಳು. ಅವನು ನಗುತ್ತಿದ್ದ.

ನಾವು ಬಂದ ಮರುವರ್ಷ ಆಯಿ ತೀರಿಕೊಂಡಳು. ಅವಳ ಎಡಗೈಯಲ್ಲಿ ಲಿಂಗವಿಟ್ಟು ಕೂಡಿಸಿದ್ದರು. ನಾನು ಹತ್ತಿರ ಹೋಗದೆ ಕಂಬದ ಹಿಂದೆ ನಿಂತೆ. ಈಗ ಅವಳಿಗೆ ಎಲ್ಲವೂ ತಿಳಿದುಹೋಗಿರುತ್ತದೆ ಎಂದು ನನ್ನ ಹೆದರಿಕೆ. ಮದುವೆಯಲ್ಲಿ, ಮಗನ ಬಾಣಂತನದಲ್ಲಿ, ಹೊಸ ಮನೆಯ ಪ್ರವೇಶದಲ್ಲಿ, ಕೊರಳಿಗೆ ಕೈ ಹೋದಾಗಲೆಲ್ಲ ಒಳಗೊಂದು ಮಾತು: ಇದು ಬೂಟ್ ಪಾಲಿಶ್ ಹಚ್ಚಿದ ಕಲ್ಲು, ನೀನು ಎಲ್ಲರಿಗೂ ಮೋಸ ಮಾಡುತ್ತಿದ್ದೀಯ. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಹೊಸ ಲಿಂಗ ಕಟ್ಟಿಸಿಕೊಳ್ಳಬಹುದಿತ್ತಲ್ಲ ಅನ್ನುತ್ತೀರಿ. ಕಟ್ಟಿಸಿಕೊಳ್ಳಬೇಕಾದರೆ ಹಳೆಯದು ಏನಾಯಿತು ಎಂದು ಹೇಳಬೇಕಲ್ಲ! ಮಕ್ಕಳನ್ನು ಬಾದಾಮಿಗೆ ಟ್ರಿಪ್ ಒಯ್ದಾಗ ಬೇರೆ ಟೀಚರುಗಳೆಲ್ಲ ಹೊಂಡದ ಮೆಟ್ಟಿಲಿಗಿಳಿದು ಕಾಲು ಇಳಿಬಿಡುತ್ತಾರೆ. ನಾನು ಮೇಲೆ ನಿಂತು ಚಪ್ಪಲಿ ಕಾಯುತ್ತೇನೆ. ನೀರಿನ ತಳ ನೋಡುವುದೆಂದರೆ ನನಗಾಗದು.

ಇಷ್ಟೆಲ್ಲ ಆ ಬೆಂಚಿನ ಮೇಲೆ ಕೂತು ನೆನೆಯುವಷ್ಟರಲ್ಲಿ ಅಪ್ಪನನ್ನು ವಾರ್ಡಿಗೆ ತಂದಿದ್ದರು. ಎಚ್ಚರವಿದ್ದ. ಬಲಗೈಗೆ ಸಲಾಯಿನ್ ಸೂಜಿ. ಒಂದೆರಡು ತಾಸು ಕಳೆದ ಮೇಲೆ ಸಿಸ್ಟರ್ ಬಂದು, ಈಗ ಸ್ವಲ್ಪ ನೀರು ಕುಡಿಸಬಹುದು ಅಂದಳು. ಅಪ್ಪ ತಲೆ ಅಲ್ಲಾಡಿಸಿದ. ಪೂಜೆಯಾಗದೆ ಅವನು ಒಂದು ಹನಿಯನ್ನೂ ಮುಟ್ಟುವವನಲ್ಲ ಎಂದು ನನಗೆ ಗೊತ್ತು. ಕರಡಿಗೆಯನ್ನು ಅವನ ಎಡಗೈಯಲ್ಲಿಟ್ಟೆ, ಹಣೆಗೆ ವಿಭೂತಿ ಹಚ್ಚಿದೆ.

“ಒಂದ ಕೈಲೇ ಹೆಂಗ ಬಿಚ್ಚಲಿ? ನೀನ ಬಿಚ್ಚು” ಅಂದ.

“ನಿಮ್ಮ ಲಿಂಗ ನಾ ಹೆಂಗ ಬಿಚ್ಚಲ್ಯಪಾ?”

ಅಪ್ಪ ನನ್ನನ್ನೇ ನೋಡಿದ. ಹಲ್ಲಿಲ್ಲದ ಬಾಯಲ್ಲಿ ಸಣ್ಣಗೆ ನಕ್ಕ. “ಬಿಚ್ಚು. ನಿಂದ ಐತಿ ಅದು.”

ನನಗೆ ಅರ್ಥವಾಗಲಿಲ್ಲ. ಮತ್ತಿಗೆ ಕೊಟ್ಟ ಔಷಧಿ ಇನ್ನೂ ಇಳಿದಿಲ್ಲ ಎಂದುಕೊಂಡೆ. ಮುಚ್ಚಳ ತಿರುವಿದೆ. ಒಳಗೆ ಒಂದು ಕೆಂಪು ಕಲ್ಲು. ಐದು ಕಲ್ಲಿನ ಆಟದ ಐದನೇ ಕಲ್ಲು. ಬೂಟಿನ ಕಪ್ಪು ಪೂರಾ ಹೋಗಿ, ದಿನನಿತ್ಯದ ಬೆರಳಾಟಕ್ಕೆ ಸವೆದು, ಸಂದಿನಲ್ಲಿ ವಿಭೂತಿ ಸೇರಿ, ಆದರೆ ಅದೇ, ನಮ್ಮೂರ ಕೆಂಪು.

ನನ್ನ ಕೈ ತಾನಾಗಿ ನನ್ನ ಕೊರಳಿಗೆ ಹೋಯಿತು. ಹಾಗಾದರೆ ಇಲ್ಲಿರುವುದು?

“ನಂದು” ಅಂದ ಅಪ್ಪ. “ಸಂಜೀಕ ಕೆಲಸದಿಂದ ಬಂದು ನೋಡ್ತೇನಿ, ಐದು ಕಲ್ಲಿನ್ಯಾಗ ಒಂದು ಕಡಿಮಿ ಐತಿ. ಬೂಟ್ ಪಾಲಿಶಿನ ಡಬ್ಬಿ ಉಗುರು ಹಾಕಿ ಕೆರದಂಗ ಐತಿ. ಮುಂಜಾನೆ ನಿನ್ನ ಕೈ ನೋಡಿದ್ನಲ್ಲ. ಕಲ್ಲಿನವಗ ಕಲ್ಲು ತಿಳ್ಯಾಂಗಿಲ್ಲೇನು? ಮರುದಿನ ರಾತ್ರಿ ನೀ ಮಲಗಿದಾಗ ಬದಲ ಮಾಡಿದೆ.”

“ಮತ್ತ ನೀವು? ಲಿಂಗ ಇಲ್ಲದ? ಇಷ್ಟು ವರ್ಷ?” ನನ್ನ ಧ್ವನಿ ಏರಿತು. ಪಕ್ಕದ ಮಂಚದವರು ತಿರುಗಿ ನೋಡಿದರು. “ಯಾಕ ಹೇಳಲಿಲ್ಲ ನೀವು? ನಾ ಮೂವತ್ತೈದು ವರ್ಷ ಅಂಜಿಕೋತ ಸತ್ತೇನಿ!”

“ನೀ ಹೇಳ್ತಿ ಅಂತ ಕಾದೆ ಯವ್ವಾ. ಇವತ್ತ ಹೇಳ್ತಿ, ನಾಳಿ ಹೇಳ್ತಿ ಅಂತ. ಆಮ್ಯಾಲ ಕೇಳಾಕ ನನಗ ಅಂಜಿಕಿ ಬಂತು.” ಕಲ್ಲಿನ ಮೇಲೆ ಹೆಬ್ಬೆರಳಾಡಿಸುತ್ತ ಅಂದ: “ನಿನ್ನ ಅಲ್ಲಿಗೆ ಕರಕೊಂಡ ಹೋದಾವ ನಾನು. ಕಳದದ್ದು ನನ್ನ ಕಡಿಂದನ.”

ಸಿಟ್ಟು ಬಂತು, ನಿಜವಾಗಿ ಬಂತು. ಅವನ ಮೇಲೆ, ನನ್ನ ಮೇಲೆ, ಒಂದೇ ಸೂರಿನ ಕೆಳಗೆ ಒಬ್ಬರಿಗೊಬ್ಬರು ಹೆದರಿ ಕೂತ ನಮ್ಮಿಬ್ಬರ ಪೆದ್ದತನದ ಮೇಲೆ. ದಾರ ಹಿಡಿದು ನನ್ನ ಕರಡಿಗೆ ತೆಗೆಯಲು ಹೋದೆ. “ತಗೋರಿ, ನಿಮ್ಮದು ನಿಮಗ.”

“ಬ್ಯಾಡ. ಅದು ನಿಂದ ಆಗೇತಿ, ಇದು ನಂದ ಆಗೇತಿ. ಮೂವತ್ತೈದು ವರ್ಷ ಪೂಜಿ ಮಾಡೇನಿ, ಇದಕ್ಕ ಬರೇ ಕಲ್ಲು ಅನಬ್ಯಾಡ. ನಾ ಹೋದ ದಿನಾ ಇದನ್ನ ನನ್ನ ಕೈಯಾಗ ಇಡ್ರಿ.” ಅಷ್ಟರಲ್ಲಿ ಬಾಗಿಲ ಕಡೆ ನೋಡಿ ಗಡಬಡಿಸಿದ. “ಮುಚ್ಚು, ಮುಚ್ಚು. ನಿಮ್ಮವ್ವ ಬಂದ್ಲು. ಅಕಿಗೆ ಗೊತ್ತಿಲ್ಲ.”

ಅವ್ವ ಒಂದು ಕೈಯಲ್ಲಿ ಗಂಜಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಮೊಣಕಾಲು ಹಿಡಿದುಕೊಂಡು ಬರುತ್ತಿದ್ದಳು. ಅಪ್ಪ ಬೆರಳು ಮಡಚತೊಡಗಿದ. ನಾನು ಅವನ ಕೈ ಹಿಡಿದುಕೊಂಡೆ. ಮಡಚಲು ಬಿಡಲಿಲ್ಲ.

“ಅವ್ವಾ, ಒಂದ ಮಾತು ಹೇಳೂದೈತಿ. ಫ್ರಾನ್ಸಿನ್ಯಾಗ ನಾ ಲಿಂಗ ಕಳದಿದ್ದೆ. ಈಜೂ ನೀರಾಗ ಬಿದ್ದು ಹೋತು. ನಿನ್ನ ಮುಂದ ಸುಳ್ಳ ಹೇಳಿದೆ. ಅಪ್ಪ ತನ್ನ ಲಿಂಗ ನನಗ ಹಾಕಿ, ನನ್ನ ಆಟದ ಕಲ್ಲು ತಾ ಕಟಗೊಂಡಾರ.”

ಎಲ್ಲವೂ ಒಂದೇ ಉಸಿರಿಗೆ ಬಂತು. ಮೂವತ್ತೈದು ವರ್ಷ ಹೊತ್ತದ್ದು ಇಷ್ಟೇ ಇತ್ತೇ ಎಂದು ನನಗೇ ದಿಗ್ಭ್ರಮೆ.

ಅವ್ವ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟಳು. ಬಾಯಿಗೆ ಸೆರಗು ಹೋಯಿತು, ಅವತ್ತು ಸ್ಮಶಾನದಲ್ಲಿ ನಿಂತ ಹಾಗೆಯೇ. ಅಪ್ಪನ ಅಂಗೈಯಲ್ಲಿನ ಕೆಂಪು ಕಲ್ಲನ್ನು ನೋಡಿದಳು, ನನ್ನ ಕೊರಳು ನೋಡಿದಳು, ಮತ್ತೆ ಕಲ್ಲು ನೋಡಿದಳು. ಅವಳು ಬಯ್ಯುತ್ತಾಳೆ ಎಂದು ನಾನೂ ಅಪ್ಪನೂ ಒಟ್ಟಿಗೇ ತಲೆ ತಗ್ಗಿಸಿದೆವು.

“ಅದಕ್ಕೇನ್ರೀ ಇಷ್ಟು ವರ್ಷ ಗ್ವಾಡೀ ಕಡೆ ಮಾರಿ ಮಾಡಿ ಕುಂತದ್ದು?” ಅಂದಳು.

ಅಪ್ಪ ಹೌದೆಂದು ಗೋಣು ಹಾಕಿದ.

“ಭಕ್ತಿ ಕೆಡತೈತಿ ಅಂತ ಆಡಿಕೊಂಡ್ನಲ್ರೀ ನಾನು, ಊರ ಮಂದಿ ಮುಂದ!” ಎಂದವಳೇ ಕಣ್ಣು ಒರೆಸಿಕೊಂಡು, ವಿಭೂತಿಯ ಗಟ್ಟಿಯನ್ನು ತೆಗೆದು ಅವನ ಬೆರಳಿಗೆ ಹಿಡಿದಳು. “ಹಚ್ರಿ, ಗಂಜಿ ಆರತೈತಿ. ನಾಳಿಂದ ಈ ಕಡೆ ಮಾರಿ ಮಾಡಿ ಕೂಡ್ರಿ.”